ಬಿಲ್ ಬೇರೆ ಕೌಂಟರ್‌ಗೆ ಬರುತ್ತದೆ

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಮುಗಿಸಿಬಿಡುತ್ತೇನೆ. ಈ ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಬಾಟಲಿಗಳಿವೆ. ಅಡ್ಡ ಮಲಗಿಸಿ, ಮೇಲಿನ ಮೈ ಕತ್ತರಿಸಿ, ಒಳಗೆ ಮಣ್ಣು ತುಂಬಿದ್ದೇನೆ. ಎರಡರಲ್ಲೂ ಒಂದೇ ಜಾಗದ ಮಣ್ಣು. ಎಡಗಡೆಯದರಲ್ಲಿ ಹುಲ್ಲು ಬೆಳೆಸಿ, ಮೇಲೆ ಒಂದು ಹಿಡಿ ತರಗೆಲೆ ಹಾಕಿದ್ದೇನೆ. ಬಲಗಡೆಯದು ಬರೀ ಮಣ್ಣು. ಎರಡರ ಬಾಯಿಗೂ ಒಂದೊಂದು ಗಾಜಿನ ಲೋಟ ಇಟ್ಟಿದ್ದೇನೆ. ಈಗ ಎರಡಕ್ಕೂ ಅರ್ಧರ್ಧ ಲೀಟರ್ ನೀರು ಸುರಿಯುತ್ತೇನೆ.

ಹಿಂದಿನ ಸಾಲಿನವರಿಗೂ ಕಾಣುತ್ತಿದೆ ಅಲ್ವಾ? ಬಲಗಡೆಯ ಲೋಟ ಆಗಲೇ ಅರ್ಧ ತುಂಬಿತು. ನೀರು ಪೂರ್ತಿ ರಾಡಿ. ಎಡಗಡೆಯ ಲೋಟಕ್ಕೆ ಇನ್ನೂ ಒಂದು ಹನಿಯೂ ಬಿದ್ದಿಲ್ಲ. ಅದನ್ನು ಅದರ ಪಾಡಿಗೆ ಬಿಡೋಣ. ನಾವು ಮಾತಾಡೋಣ.

ಇವತ್ತಿನ ವಿಷಯಕ್ಕೆ ತಿಳಿದವರು ಇಟ್ಟ ಹೆಸರು ‘ಪರಿಸರ ವ್ಯವಸ್ಥೆಯ ಸೇವೆಗಳು’. ನನಗೆ ಈ ಹೆಸರಿನ ಮೇಲೆ ಸ್ವಲ್ಪ ಸಿಟ್ಟಿದೆ. ಸೇವೆ ಅಂದ ಕೂಡಲೇ ಯಾರೋ ನಮಗೋಸ್ಕರ ಮೈಮುರಿದು ದುಡಿಯುತ್ತಿದ್ದಾರೆ ಅನ್ನಿಸುತ್ತದೆ. ಎರೆಹುಳಕ್ಕೆ ನಾವು ಯಾರು ಅಂತಲೇ ಗೊತ್ತಿಲ್ಲ. ಅದು ತನ್ನ ಹೊಟ್ಟೆಪಾಡು ನೋಡಿಕೊಳ್ಳುತ್ತದೆ, ಅಷ್ಟೇ. ಆ ಹೊಟ್ಟೆಪಾಡಿನಿಂದ ನಮಗೆ ಆಗುವ ಲಾಭಕ್ಕೆ ನಾವು ಸೇವೆ ಅಂತ ಹೆಸರಿಟ್ಟಿದ್ದೇವೆ. ಹೆಸರು ನಿಂತುಬಿಟ್ಟಿದೆ, ನಾನೂ ಅದನ್ನೇ ಬಳಸುತ್ತೇನೆ.

2005ರಲ್ಲಿ ವಿಶ್ವಸಂಸ್ಥೆಯ ಕರೆಯ ಮೇಲೆ 1,300ಕ್ಕೂ ಹೆಚ್ಚು ತಜ್ಞರು ಸೇರಿ ಈ ಸೇವೆಗಳ ಲೆಕ್ಕ ತೆಗೆದರು. ಆಹಾರ, ಮರ, ನೀರಿನಂಥ ಕೈಗೆ ಸಿಗುವ ವಸ್ತುಗಳು ಒಂದು ಗುಂಪು. ನೆರೆ ತಡೆಯುವುದು, ಗಾಳಿ ನೀರು ಶುದ್ಧ ಮಾಡುವುದು, ರೋಗ ಹತೋಟಿಯಲ್ಲಿಡುವುದು ಇನ್ನೊಂದು. ಮನಸ್ಸಿಗೆ ಸಿಗುವ ಸಂತೋಷ ಮೂರನೆಯದು. ಮಣ್ಣು ಹುಟ್ಟುವುದರಂಥ ಬುಡದ ಕೆಲಸಗಳು ನಾಲ್ಕನೆಯದು. ಅವರು ಪರೀಕ್ಷಿಸಿದ 24 ಸೇವೆಗಳಲ್ಲಿ 15 ಸೊರಗುತ್ತಿದ್ದವು. ಪಟ್ಟಿ ಇಲ್ಲಿಗೆ ಸಾಕು. ಪಟ್ಟಿ ಓದಿಸಿಕೊಳ್ಳಲು ನೀವೂ ಬಂದಿಲ್ಲ.

ನನಗೆ ಹೇಳಬೇಕಿರುವುದು ಒಂದೇ ಮಾತು. ಈ ಕೆಲಸಗಳು ನಡೆಯುತ್ತಿರುವಷ್ಟು ದಿನ ಬಿಲ್ ಬರುವುದಿಲ್ಲ. ನಿಂತ ಮೇಲೆ ಬರುತ್ತದೆ. ಆಗಲೂ ಬೇರೆ ಕೌಂಟರ್‌ಗೆ, ಬೇರೆ ಯಾರದೋ ಹೆಸರಿಗೆ ಬರುತ್ತದೆ. ಹಾಗಾಗಿ ಎರಡಕ್ಕೂ ಸಂಬಂಧ ಇದೆ ಅಂತಲೇ ನಮಗೆ ಗೊತ್ತಾಗುವುದಿಲ್ಲ.

ಅಮೆರಿಕದ ಅರಿಜೋನಾ ಮರುಭೂಮಿಯಿಂದ ಶುರು ಮಾಡುತ್ತೇನೆ. ಅಲ್ಲಿ ಗಾಜು ಮತ್ತು ಉಕ್ಕಿನ ಒಂದು ದೊಡ್ಡ ಕಟ್ಟಡ ಕಟ್ಟಿದರು, ಬಯೋಸ್ಫಿಯರ್ 2 ಅಂತ. ಸುಮಾರು 3 ಎಕರೆ. ಒಳಗೆ ಪುಟ್ಟ ಮಳೆಕಾಡು, ಪುಟ್ಟ ಸಮುದ್ರ, ಹುಲ್ಲುಗಾವಲು, ಬೇಸಾಯದ ಜಾಗ ಎಲ್ಲ ಇತ್ತು. 1991ರ ಸೆಪ್ಟೆಂಬರ್‌ನಲ್ಲಿ 8 ಜನ ಒಳಗೆ ಹೋದರು, ಹೊರಗಿನಿಂದ ಬಾಗಿಲು ಮುಚ್ಚಿದರು. ಎರಡು ವರ್ಷ ಹೊರಗಿನ ಗಾಳಿಯೂ ಬೇಡ, ಆಹಾರವೂ ಬೇಡ, ಎಲ್ಲ ಒಳಗೇ ಆಗಬೇಕು. ಅದಕ್ಕೆ ಸುರಿದ ದುಡ್ಡು ಸುಮಾರು 20 ಕೋಟಿ ಡಾಲರ್.

ಕೆಲವೇ ತಿಂಗಳಲ್ಲಿ ಒಳಗಿದ್ದವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಗಾಳಿಯಲ್ಲಿ ನೂರಕ್ಕೆ 21 ಪಾಲು ಇರಬೇಕಿದ್ದ ಆಮ್ಲಜನಕ 16 ತಿಂಗಳಲ್ಲಿ 14ರ ಆಸುಪಾಸಿಗೆ ಇಳಿದಿತ್ತು. 4,000 ಮೀಟರ್ ಎತ್ತರದ ಬೆಟ್ಟದ ಮೇಲೆ ಇದ್ದ ಹಾಗೆ. ಎಲ್ಲಿ ಹೋಯಿತು? ಬೆಳೆ ಚೆನ್ನಾಗಿ ಬರಲಿ ಅಂತ ಗೊಬ್ಬರದ ಅಂಶ ಜಾಸ್ತಿ ಇರುವ ಮಣ್ಣು ಹಾಕಿದ್ದರು. ಅದರಲ್ಲಿನ ಸೂಕ್ಷ್ಮಜೀವಿಗಳು ಮನಸಾರೆ ಉಂಡು, ಮನಸಾರೆ ಉಸಿರಾಡಿದವು. ಆಮ್ಲಜನಕ ತಿಂದವು, ಇಂಗಾಲದ ಡೈಆಕ್ಸೈಡ್ ಬಿಟ್ಟವು. ಅದನ್ನಾದರೂ ಗಿಡಗಳು ಹೀರಿ ಮತ್ತೆ ಆಮ್ಲಜನಕ ಮಾಡಬಹುದಿತ್ತು. ಆದರೆ ಹೊಸ ಕಾಂಕ್ರೀಟ್ ಗೋಡೆಗಳು ಮಧ್ಯೆ ಬಾಯಿ ಹಾಕಿದವು. ಕಾಂಕ್ರೀಟಿನಲ್ಲಿದ್ದ ಸುಣ್ಣದ ಅಂಶ ಆ ಇಂಗಾಲವನ್ನು ಹೀರಿ ತನ್ನೊಳಗೆ ಗಟ್ಟಿ ಮಾಡಿಕೊಂಡಿತು. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಿಸಬೇಕಾಯಿತು. ಇಷ್ಟರಲ್ಲಿ ಪರಾಗಸ್ಪರ್ಶ ಮಾಡುವ ಕೀಟಗಳೆಲ್ಲ ಸತ್ತಿದ್ದವು. ಬೆನ್ನೆಲುಬಿರುವ 25 ಜಾತಿ ಪ್ರಾಣಿಗಳಲ್ಲಿ 19 ಇಲ್ಲವಾಗಿದ್ದವು. ಸುಖವಾಗಿ ಬೆಳೆದದ್ದು ಇರುವೆ ಮತ್ತು ಜಿರಳೆ.

ಇದನ್ನು ಕೇಳಿ ನಗುವವರಿದ್ದಾರೆ. ನಾನು ನಗುವುದಿಲ್ಲ. ಒಳ್ಳೆಯ ತಲೆಗಳು, ಕೈತುಂಬ ದುಡ್ಡು, ಬರೀ 8 ಜನ. ಅಷ್ಟಿದ್ದರೂ ಗೋಡೆಯ ಸುಣ್ಣ ಲೆಕ್ಕ ತಪ್ಪಿಸಿತು.

ಆಮ್ಲಜನಕದ ಮಾತು ಬಂದದ್ದರಿಂದ ಒಂದು ಅಡ್ಡದಾರಿ. ಅಮೆಜಾನ್ ಕಾಡು ಭೂಮಿಯ ಶ್ವಾಸಕೋಶ, ಅದು ನಮ್ಮ ಆಮ್ಲಜನಕದಲ್ಲಿ 20 ಪಾಲು ಕೊಡುತ್ತದೆ ಅಂತ ಫಾರ್ವರ್ಡ್ ಮೆಸೇಜು ನಿಮಗೂ ಬಂದಿರುತ್ತದೆ. ಅದು ಸರಿಯಲ್ಲ. ಆ ಕಾಡು ಮಾಡುವ ಆಮ್ಲಜನಕವನ್ನು ಹೆಚ್ಚುಕಡಿಮೆ ಅದೇ ಉಸಿರಾಡಿ ಮುಗಿಸುತ್ತದೆ. ಮರಗಳೂ ಉಸಿರಾಡುತ್ತವೆ, ಎಲೆ ಕೊಳೆಯಿಸುವ ಶಿಲೀಂಧ್ರಗಳೂ ಉಸಿರಾಡುತ್ತವೆ. ಉಳಿತಾಯ ಸೊನ್ನೆಯ ಹತ್ತಿರ. ನಾವು ಸೇದುವ ಆಮ್ಲಜನಕ ಕೋಟ್ಯಂತರ ವರ್ಷಗಳ ಹಳೇ ಗಂಟು. ಹಾಗಂತ ಅಮೆಜಾನ್ ಬೇಡವಾ? ಅದು ಗಾಳಿಗೆ ತೇವ ಎತ್ತಿ ಕೊಟ್ಟು ಸಾವಿರಾರು ಕಿಲೋಮೀಟರ್ ದೂರಕ್ಕೆ ಮಳೆ ಕಳಿಸುತ್ತದೆ. ಅಷ್ಟು ದೊಡ್ಡ ಕೆಲಸ ಮಾಡುವ ಕಾಡಿಗೆ ಮಾಡದ ಕೆಲಸದ ಸರ್ಟಿಫಿಕೇಟು ಯಾಕೆ?

ಈಗ ಬಾವಲಿಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2006ರ ಚಳಿಗಾಲದಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಗುಹೆಯಲ್ಲಿ ಬಾವಲಿಗಳ ಮೂಗಿನ ಮೇಲೆ ಹಿಟ್ಟು ಮೆತ್ತಿದ ಹಾಗೆ ಬಿಳಿ ಪುಡಿ ಕಾಣಿಸಿತು. ಅದೊಂದು ಶಿಲೀಂಧ್ರ. ತಂಪು ಗುಹೆಯಲ್ಲಿ ಸೊಗಸಾಗಿ ಬೆಳೆಯುತ್ತದೆ. ಚಳಿಗಾಲದಲ್ಲಿ ಬಾವಲಿಗಳು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು ತಿಂಗಳುಗಟ್ಟಲೆ ಮಲಗಿರುತ್ತವೆ. ಈ ಬೂಷ್ಟು ಅವನ್ನು ಮಲಗಲು ಬಿಡುವುದಿಲ್ಲ. ಪದೇ ಪದೇ ಎಚ್ಚರ. ಒಂದೊಂದು ಎಚ್ಚರಕ್ಕೂ ಒಂದಿಷ್ಟು ಕೊಬ್ಬು ಖರ್ಚು. ಹೊರಗೆ ಹಿಮ, ಹುಳಗಳು ಹುಟ್ಟಲು ಇನ್ನೂ ತಿಂಗಳುಗಳಿವೆ. ಹೊಟ್ಟೆಗಿಲ್ಲದೆ ಸತ್ತವು. ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಹೋದವು. ಕೆಲವು ಗುಹೆಗಳು ಖಾಲಿಯೇ ಆದವು.

ಹುಳ ತಿನ್ನುವ ಒಂದು ಪುಟ್ಟ ಬಾವಲಿ ಒಂದು ರಾತ್ರಿಗೆ ತನ್ನ ತೂಕದ ಅರ್ಧದಷ್ಟು ಕೀಟ ತಿನ್ನಬಲ್ಲದು. ಅದರಲ್ಲಿ ಬೆಳೆ ತಿನ್ನುವ ಪತಂಗಗಳು, ಜೀರುಂಡೆಗಳು ಬೇಕಾದಷ್ಟು. ಈಗ ತಿನ್ನುವವರಿಲ್ಲ. ರೈತ ಗುಹೆಗೆ ಹೋಗಿ ನೋಡಿಲ್ಲ. ಅವನಿಗೆ ಕಾಣುವುದು ಹೊಲದಲ್ಲಿ ಈ ವರ್ಷ ಹುಳ ಜಾಸ್ತಿ ಅನ್ನುವುದಷ್ಟೇ. ಅವನು ಮಾಡುವುದನ್ನೇ ಮಾಡಿದ, ಇನ್ನೊಂದು ಸಲ ಔಷಧಿ ಹೊಡೆದ.

ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಐಯಾಲ್ ಫ್ರಾಂಕ್ ಇದರ ಬೆನ್ನು ಹತ್ತಿದರು. ರೋಗ ಒಂದೇ ವರ್ಷ ಎಲ್ಲ ಕಡೆ ಹಬ್ಬಲಿಲ್ಲ, ವರ್ಷ ವರ್ಷ ಒಂದಿಷ್ಟು ಕೌಂಟಿಗಳಿಗೆ, ಅಂದರೆ ಅಲ್ಲಿನ ಜಿಲ್ಲೆಗಳಿಗೆ, ಕಾಲಿಟ್ಟಿತು. ಹಾಗಾಗಿ ರೋಗ ಬಂದ ಕಡೆಯನ್ನೂ ಬರದ ಕಡೆಯನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. 2024ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಬಾವಲಿ ಸತ್ತ ಕಡೆ ಕೀಟನಾಶಕದ ಬಳಕೆ ನೂರಕ್ಕೆ ಸುಮಾರು 31ರಷ್ಟು ಏರಿತು. ಅದರ ಜೊತೆಗೇ ಅಲ್ಲಿ ಒಂದು ವರ್ಷದೊಳಗಿನ ಮಕ್ಕಳ ಸಾವು, ಅಪಘಾತಗಳನ್ನು ಬಿಟ್ಟು, ನೂರಕ್ಕೆ ಸುಮಾರು 8ರಷ್ಟು ಏರಿತು. ಗುಹೆಯಲ್ಲಿ ಬಾವಲಿ ಸತ್ತದ್ದಕ್ಕೆ ಬಿಲ್ ಬಂದದ್ದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ. ಆ ತಾಯಂದಿರಲ್ಲಿ ಯಾರಿಗಾದರೂ ಬಾವಲಿಯ ನೆನಪು ಬಂದಿರಬಹುದಾ?

ರಣಹದ್ದಿನ ಕಥೆಯೂ ಇದೇ ಜಾಡಿನದು. ಇದು ಭಾರತದ್ದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ 1990ರ ದಶಕದಲ್ಲಿ ಅಗ್ಗವಾಗಿ ಎಲ್ಲೆಡೆ ಸಿಗತೊಡಗಿತು. ಔಷಧಿ ಮೈಯಲ್ಲಿದ್ದ ದನ ಸತ್ತರೆ, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 1992ರಿಂದ 2007ರ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಷ್ಟು ಉಳಿಯಿತು. ಕಾರಣ ಗೊತ್ತಾದದ್ದು 2004ರಲ್ಲಿ. ದನಗಳಿಗೆ ಅದನ್ನು ಕೊಡಬಾರದು ಅಂತ ಸರ್ಕಾರ ನಿಷೇಧ ಹಾಕಿದ್ದು 2006ರಲ್ಲಿ. ಅಷ್ಟರಲ್ಲಿ ತಿನ್ನುವವರಿಲ್ಲದೆ ದನಗಳ ಹೆಣಗಳು ಕೊಳೆತು ನೀರಿಗೆ ಸೇರುತ್ತಿದ್ದವು, ಬೀದಿನಾಯಿಗಳು ಹೆಚ್ಚಿದ್ದವು. ಅದೇ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಸೇರಿ ಹಾಕಿದ ಲೆಕ್ಕದಲ್ಲಿ, 2000ದಿಂದ 2005ರವರೆಗೆ ಇದರಿಂದ ಆದ ಮನುಷ್ಯರ ಹೆಚ್ಚುವರಿ ಸಾವು ಸುಮಾರು 5 ಲಕ್ಷ. ರಣಹದ್ದು ನೋಡಲು ಚೆಂದವಲ್ಲ. ಹುಲಿಯ ಹಾಗೆ ಪೋಸ್ಟರ್‌ಗೆ ಬರುವ ಮುಖ ಅಲ್ಲ ಅದು.

ಇಲ್ಲಿ ಒಬ್ಬರು ಕೈ ಎತ್ತಿ, “ಹಾಗಾದರೆ ಸೊಳ್ಳೆ?” ಅಂತ ಕೇಳಿದರು. ಪ್ರಶ್ನೆ ಸರಿಯಾಗಿದೆ. ಪ್ರಕೃತಿಯಿಂದ ನಮಗೆ ಬರುವುದೆಲ್ಲ ಉಪಕಾರವಲ್ಲ. ಜೌಗು ಅದೇ ನೀರನ್ನು ಸೋಸುತ್ತದೆ, ಅದೇ ಸೊಳ್ಳೆಯನ್ನೂ ಸಾಕುತ್ತದೆ. ಕಾಡಂಚಿನಲ್ಲಿ ಇರುವವನಿಗೆ ಆನೆ ಬೆಳೆಗೆ ನುಗ್ಗಿದರೆ ನಷ್ಟವೇ. ನಗರದಲ್ಲಿ ಕೂತು ಅವನಿಗೆ ಉಪದೇಶ ಮಾಡುವುದು ಸುಲಭ. ಲೆಕ್ಕ ಹಾಕುವುದಾದರೆ ಎರಡೂ ಕಡೆ ಹಾಕಬೇಕು ಅಂತ ನಾನೂ ಒಪ್ಪುತ್ತೇನೆ. ನನ್ನ ತಕರಾರು ಇಷ್ಟೇ: ನಷ್ಟದ ಕಡೆ ಲೆಕ್ಕ ಹಾಕಲು ಯಾರಾದರೂ ಇದ್ದೇ ಇರುತ್ತಾರೆ, ಲಾಭದ ಕಡೆ ಪುಟ ಖಾಲಿ.

ಎಡಗಡೆಯ ಲೋಟ ನೋಡಿ. ಹನಿ ಶುರುವಾಗಿದೆ.

ನಿಂತುಹೋದ ಕೆಲಸವನ್ನು ನಾವೇ ಮಾಡಲು ಹೊರಟರೆ ಎಷ್ಟು ಕಷ್ಟ ಅನ್ನುವುದಕ್ಕೆ ವೆನಿಲಾ ನೋಡಬೇಕು. ಇದು ಮೆಕ್ಸಿಕೊ ಕಡೆಯ ಆರ್ಕಿಡ್ ಬಳ್ಳಿ. ಯುರೋಪಿನವರು ಇದನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ತಂದು ನೆಟ್ಟರು. ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಮಾತ್ರ ಇಲ್ಲ. ಬಳ್ಳಿ ಹಡಗು ಹತ್ತಿತ್ತು, ಅದರ ಹೂವಿಗೆ ಹೋಗುವ ಜೇನು ಹತ್ತಿರಲಿಲ್ಲ. 1841ರಲ್ಲಿ ಎಡ್ಮಂಡ್ ಆಲ್ಬಿಯಸ್ ಅನ್ನುವ 12 ವರ್ಷದ ಗುಲಾಮ ಹುಡುಗ ದಾರಿ ಕಂಡುಹಿಡಿದ. ಹೂವಿನೊಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪರದೆ ಇರುತ್ತದೆ. ಅವನು ಒಂದು ಸಣ್ಣ ಕಡ್ಡಿಯಿಂದ ಆ ಪರದೆ ಎತ್ತಿ, ಹೆಬ್ಬೆರಳಿನಿಂದ ಎರಡನ್ನೂ ಮೆಲ್ಲಗೆ ಒತ್ತಿದ. ಅಷ್ಟೇ. ಕಾಯಿ ಕಟ್ಟಿತು. ಇವತ್ತಿಗೂ ಮಡಗಾಸ್ಕರ್‌ನಂಥ ಕಡೆ ಬೆಳೆಯುವ ವೆನಿಲಾಕ್ಕೆ ಇದೇ ಕಡ್ಡಿ, ಇದೇ ಹೆಬ್ಬೆರಳು. ಹೂವು ಅರಳಿರುವುದು ಒಂದೇ ದಿನ, ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಬೆಳಿಗ್ಗೆಯೇ ಒಂದೊಂದು ಹೂವಿಗೂ ಒಬ್ಬ ಮನುಷ್ಯ ಹೋಗಬೇಕು. ಅಸಲಿ ವೆನಿಲಾ ದುಬಾರಿ ಯಾಕೆ ಅಂತ ಕೇಳುವವರಿಗೆ ಇದೂ ಒಂದು ಉತ್ತರ. ಹುಡುಗನಿಗೆ ಏನು ಸಿಕ್ಕಿತು ಅಂತೀರಾ? ಅವನು ಬಡವನಾಗಿಯೇ ಸತ್ತ.

ಕೀಟಗಳ ಪರಾಗಸ್ಪರ್ಶ ನಿಂತರೆ ಮನುಷ್ಯಕುಲ ನಾಲ್ಕು ವರ್ಷದಲ್ಲಿ ನಾಶ ಅನ್ನುವ ಮಾತನ್ನೂ ನಂಬಬೇಡಿ. ಅಕ್ಕಿ, ಗೋಧಿ, ಜೋಳಕ್ಕೆ ಕೀಟ ಬೇಕಿಲ್ಲ, ಗಾಳಿಯೋ ಹೂವಿನ ಸ್ವಂತ ಪರಾಗವೋ ಸಾಕು. ಜಗತ್ತಿನ ಮುಖ್ಯ ಬೆಳೆಗಳಲ್ಲಿ ಮುಕ್ಕಾಲು ಪಾಲಿನವು ಸ್ವಲ್ಪವಾದರೂ ಪ್ರಾಣಿ ಕೀಟಗಳನ್ನು ನೆಚ್ಚಿವೆ, ನಿಜ. ಆದರೆ ಅಂಥ ಬೆಳೆಗಳಿಂದ ಬರುವ ಆಹಾರ ಒಟ್ಟು ತೂಕದಲ್ಲಿ 35 ಪಾಲು. ಹೊಟ್ಟೆ ತುಂಬುತ್ತದೆ. ಹಣ್ಣು, ಬೀಜ, ತರಕಾರಿ ಕಡಿಮೆಯಾಗಿ ಮೈಗೆ ಬೇಕಾದ ಸತ್ವ ಸಿಗುವುದಿಲ್ಲ.

ಈಗ ಮಣ್ಣು. ಡಾರ್ವಿನ್ ಹೆಸರು ಕೇಳಿದರೆ ನಮಗೆ ಕೋತಿ ನೆನಪಾಗುತ್ತದೆ. ಆ ಮನುಷ್ಯ ಕೊನೆಗಾಲದಲ್ಲಿ ತಲೆಕೆಡಿಸಿಕೊಂಡದ್ದು ಎರೆಹುಳದ ಬಗ್ಗೆ. ಕುಂಡಗಳಲ್ಲಿ ಎರೆಹುಳ ಸಾಕಿಕೊಂಡಿದ್ದರು. ಅವಕ್ಕೆ ಕಿವಿ ಕೇಳುತ್ತದಾ ಅಂತ ನೋಡಲು ಮನೆಯವರಿಂದ ಸೀಟಿ ಊದಿಸಿದರು, ಬಸೂನ್ ಅನ್ನುವ ದೊಡ್ಡ ವಾದ್ಯ ಊದಿಸಿದರು, ಪಿಯಾನೋ ಬಾರಿಸಿದರು. ಹುಳಗಳು ಕ್ಯಾರೇ ಅನ್ನಲಿಲ್ಲ. ಕುಂಡವನ್ನೇ ಪಿಯಾನೋ ಮೇಲೆ ಇಟ್ಟು ಬಾರಿಸಿದಾಗ ಅದುರಿಗೆ ಹೆದರಿ ಬಿಲದೊಳಗೆ ನುಗ್ಗಿದವು! 1881ರಲ್ಲಿ ಅವರು ಬರೆದರು: ಇಂಗ್ಲೆಂಡಿನ ಅನೇಕ ಕಡೆ ಎಕರೆಗೆ ವರ್ಷಕ್ಕೆ 10 ಟನ್‌ಗೂ ಜಾಸ್ತಿ ಮಣ್ಣು ಈ ಹುಳಗಳ ಹೊಟ್ಟೆಯೊಳಗಿಂದ ಹಾದು ಬರುತ್ತದೆ. ಹಾಗೆ ಹಾದು ಬರುವಾಗ ಹುಳ ಬಿಡುವ ಬಿಲಗಳೇ ಮಳೆನೀರಿನ ದಾರಿ. ಬೇರು ಸತ್ತು ಕೊಳೆತ ಜಾಗವೂ ದಾರಿ. ಬರಿ ಮಣ್ಣಿನ ಮೇಲೆ ಮಳೆಹನಿ ನೇರ ಬಡಿದರೆ ಮೇಲಿನ ಪದರ ಪುಡಿಯಾಗಿ ಈ ಬಾಯಿಗಳನ್ನೆಲ್ಲ ಮುಚ್ಚುತ್ತದೆ. ಆಮೇಲೆ ನೀರು ಇಳಿಯುವುದಿಲ್ಲ, ಹರಿಯುತ್ತದೆ. ಬಲಗಡೆಯ ಬಾಟಲಿಯಲ್ಲಿ ಆದದ್ದು ಅದೇ.

ಇದನ್ನೇ ದೊಡ್ಡ ಅಳತೆಯಲ್ಲಿ ನಂಬಿ ಕೂತಿರುವ ಊರು ನ್ಯೂಯಾರ್ಕ್. ಸುಮಾರು 90 ಲಕ್ಷ ಜನರಿಗೆ ದಿನಕ್ಕೆ 380 ಕೋಟಿ ಲೀಟರ್‌ನಷ್ಟು ನೀರು. ಅದರಲ್ಲಿ 90 ಪಾಲು ಕ್ಯಾಟ್ಸ್‌ಕಿಲ್ ಮತ್ತು ಡೆಲಾವೇರ್ ಕಡೆಯ ಬೆಟ್ಟ ಕಾಡುಗಳಿಂದ ಬರುತ್ತದೆ, ಫಿಲ್ಟರ್ ಘಟಕ ಇಲ್ಲದೆ. 1989ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು: ಮೇಲ್ಮೈ ನೀರಾದರೆ ಸೋಸಲೇಬೇಕು, ಇಲ್ಲವೇ ನೀರಿನ ಮೂಲ ಶುದ್ಧವಾಗಿದೆ ಅಂತ ತೋರಿಸಬೇಕು. ಫಿಲ್ಟರ್ ಘಟಕಕ್ಕೆ ಅಂದಾಜು ಮಾಡಿದರೆ 600ರಿಂದ 800 ಕೋಟಿ ಡಾಲರ್, ಮೇಲೆ ವರ್ಷಾವರ್ಷದ ಖರ್ಚು. ಬೆಟ್ಟ ಕಾಡನ್ನೇ ಜೋಪಾನ ಮಾಡಿದರೆ 150 ಕೋಟಿಯ ಸುತ್ತಮುತ್ತ. 1997ರಲ್ಲಿ ನಗರವೂ ಮೇಲಿನ ಊರುಗಳೂ ಒಪ್ಪಂದ ಮಾಡಿಕೊಂಡವು.

ಆ ದುಡ್ಡಲ್ಲಿ ಏನು ಮಾಡಿದರು ಅನ್ನುವುದೇ ನನಗೆ ಇಷ್ಟವಾದ ಭಾಗ. ಯಾವ ಮಹಾ ತಂತ್ರಜ್ಞಾನವೂ ಇಲ್ಲ. ಹಸುಗಳು ತೊರೆಗೆ ಇಳಿದು ಸಗಣಿ ಹಾಕದ ಹಾಗೆ ಬೇಲಿ, ಅವು ಕುಡಿಯಲು ಬೇರೆ ತೊಟ್ಟಿ. ಸೋರುವ ಸೆಪ್ಟಿಕ್ ಟ್ಯಾಂಕ್‌ಗಳ ರಿಪೇರಿ. ತೊರೆಯ ದಡಕ್ಕೆ ಗಿಡ. ಮಾರಲು ಒಪ್ಪಿದವರಿಂದ ಮಾತ್ರ ಜಮೀನು ಖರೀದಿ. ಜಗಳ ಇಲ್ಲದೆ ಆಯಿತು ಅಂದುಕೊಳ್ಳಬೇಡಿ. ‘ನಿಮ್ಮ ನಲ್ಲಿಗೋಸ್ಕರ ನಮ್ಮ ಹೊಲಕ್ಕೆ ಯಾಕೆ ಕಟ್ಟುಪಾಡು’ ಅಂತ ಮೇಲಿನವರು ಕೇಳಿದ್ದು ನ್ಯಾಯವೇ. ಅದಕ್ಕೇ ಖರ್ಚನ್ನು ನಗರ ಹೊತ್ತಿತು. ನಾನು ಹೇಳಿದ ಕಥೆಗಳಲ್ಲಿ ಬಿಲ್ ಸರಿಯಾದ ಕೌಂಟರ್‌ಗೆ ಬಂದದ್ದು ಇಲ್ಲಿ ಮಾತ್ರ.

ಕೋಸ್ಟರೀಕ ದೇಶ ಇದನ್ನು ಕಾನೂನೇ ಮಾಡಿಕೊಂಡಿತು. 1996ರ ಅರಣ್ಯ ಕಾನೂನಿನ ಪ್ರಕಾರ, ಕಾಡು ಉಳಿಸಿಕೊಳ್ಳುವ ಜಮೀನುದಾರನಿಗೆ ಸರ್ಕಾರ ದುಡ್ಡು ಕೊಡುತ್ತದೆ. ಅದರ ದೊಡ್ಡ ಪಾಲು ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆಯಿಂದ. ಅಲ್ಲಿ ಕಾಡು ಮರಳಿ ಬೆಳೆದದ್ದಕ್ಕೆ ಇದೊಂದೇ ಕಾರಣವಲ್ಲ. ದನದ ಮಾಂಸದ ವ್ಯಾಪಾರ ಬಿದ್ದದ್ದೂ, ಪ್ರವಾಸೋದ್ಯಮ ಬೆಳೆದದ್ದೂ ಸೇರಿವೆ.

ಹಾಗಾದರೆ ಎಲ್ಲಕ್ಕೂ ಬೆಲೆ ಕಟ್ಟಿಬಿಡೋಣವಾ? 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಅದನ್ನೂ ಮಾಡಿ ನೋಡಿದರು. ಇಡೀ ಭೂಮಿಯ ಸೇವೆಗಳ ಬೆಲೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್. ಅವರೇ ಕೊಟ್ಟ ಲೆಕ್ಕದಲ್ಲಿ ಜಗತ್ತಿನ ಒಟ್ಟು ಉತ್ಪನ್ನವೇ 18 ಲಕ್ಷ ಕೋಟಿ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಇದನ್ನು ‘ಅನಂತವನ್ನು ತೀರಾ ಕಡಿಮೆ ಅಂದಾಜು ಮಾಡಿದ್ದಾರೆ’ ಅಂತ ಗೇಲಿ ಮಾಡಿದ. ನನಗೂ ಆ ದೊಡ್ಡ ಅಂಕಿಯಿಂದ ಏನೂ ಉಪಯೋಗ ಕಂಡಿಲ್ಲ. ಭೂಮಿಯನ್ನು ಕೊಳ್ಳುವವರು ಯಾರು? ಸಣ್ಣ ಅಂಕಿಗಳು ಕೆಲಸಕ್ಕೆ ಬರುತ್ತವೆ. ಈ ಬೆಟ್ಟವೋ ಆ ಫಿಲ್ಟರೋ ಅನ್ನುವಂಥ ಪ್ರಶ್ನೆ ಮುಂದಿದ್ದಾಗ.

ಬೆಲೆಗಿಂತ ನನಗೆ ಹೆಚ್ಚು ಹಿಡಿಸಿದ್ದು ಒಡಿಶಾದ ಒಂದು ಅಧ್ಯಯನ. 1999ರ ಅಕ್ಟೋಬರ್‌ನ ಮಹಾ ಚಂಡಮಾರುತದಲ್ಲಿ ಕೇಂದ್ರಪಾಡಾ ಜಿಲ್ಲೆಯ ನೂರಾರು ಹಳ್ಳಿಗಳಲ್ಲಿ ಎಷ್ಟು ಜನ ಸತ್ತರು ಅಂತ ಸಂಶೋಧಕರು ಹೋಲಿಸಿ ನೋಡಿದರು. ಸಮುದ್ರಕ್ಕೂ ಹಳ್ಳಿಗೂ ನಡುವೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ಅಗಲವಾಗಿ ಉಳಿದಿದ್ದ ಕಡೆ ಸಾವು ಕಡಿಮೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿತು: ಸರ್ಕಾರದ ಮುನ್ನೆಚ್ಚರಿಕೆ ಕಾಂಡ್ಲಾಕ್ಕಿಂತ ಜಾಸ್ತಿ ಜೀವ ಉಳಿಸಿತು. ಕಾಡಿನ ಪರವಾಗಿ ಮಾತಾಡುವ ನಮ್ಮಂಥವರು ಆ ಎರಡನೇ ವಾಕ್ಯವನ್ನು ಸುಮ್ನೆ ನುಂಗಿಬಿಡುತ್ತೇವೆ. ನುಂಗಬಾರದು.

ಸಮಯ ಮುಗಿಯಿತು ಅಂತ ಚೀಟಿ ಬಂದಿದೆ. ಬಾಟಲಿ ನೋಡಿಬಿಡೋಣ. ಬಲಗಡೆಯದು ನಿಂತು ಎಷ್ಟೋ ಹೊತ್ತಾಯಿತು, ಲೋಟದ ತಳದಲ್ಲಿ ಒಂದು ಬೆರಳಷ್ಟು ಕೆಸರು ಕೂತಿದೆ. ಎಡಗಡೆಯ ಲೋಟ ಈಗ ಅರ್ಧಕ್ಕೆ ಬಂದಿದೆ, ಇನ್ನೂ ಹನಿಯುತ್ತಿದೆ. ನೀರಿಗೆ ತುಸು ಹಳದಿ ಬಣ್ಣವಿದೆ. ಎಲೆಯ ಕಷಾಯ ಅಂದುಕೊಳ್ಳಿ. ಲೋಟದ ಹಿಂದೆ ಕೈ ಹಿಡಿದರೆ ಬೆರಳಿನ ಗೆರೆ ಕಾಣುತ್ತದೆ. ಮುಂದಿನ ಸಾಲಿನ ಈ ಹುಡುಗಿ ಆಗಿನಿಂದ ಅದನ್ನೇ ನೋಡುತ್ತಿದ್ದಳು, ಈಗ ಕುಡಿಯಬಹುದಾ ಅಂತ ಕೇಳುತ್ತಿದ್ದಾಳೆ. ಬೇಡ ಪುಟ್ಟಿ. ಅಷ್ಟು ದೊಡ್ಡ ಕಾಡಿದ್ದರೂ ನ್ಯೂಯಾರ್ಕಿನವರೂ ಕ್ಲೋರಿನ್ ಹಾಕಿಯೇ ಕುಡಿಯುವುದು.